ಆಟದ ಗೆಳೆಯರು ಮನೆಗೆ ಬಂದಾರೇ?

"ಏನ್ ಹೇಳ್ಲಿ ಅಕ್ಕಾ, ಸಂಜಿ ಆದ್ರ ಸಾಕು, ನಮ್ಮ ಹುಡುಗ ಕಿವಿಗೆ ಹೆಡ್‌ಫೋನ್ ಹಚ್ಕೊಂಡು ಬಾಗ್ಲಾ ಹಾಕ್ಕೋತಾನ. ಮೂರು ಮಂದಿ ಗೆಳೆಯರ ಕೂಡ ಆಡ್ತೀನಿ ಅಂತಾನ. ಆದ್ರ ಒಳಗಿಂದ ಒಂದು ನಗು ಇಲ್ಲ, ಒಂದು ಹರಟಿ ಇಲ್ಲ. ಇದ್ಯಾವ ಗೆಳೆತನ?"

ಬಸವಕಲ್ಯಾಣದ ನಮ್ಮ ಓಣಿಯ ತಾಯಿಯೊಬ್ಬರು ಸಂಡಿಗೆ ಹಾಕುತ್ತ ಹೀಗೆ ಕೇಳಿದಾಗ ನಾನು ತಬ್ಬಿಬ್ಬಾದೆ. ಕೂಡಿ ಕುಳಿತು ಮಾತನಾಡುವುದಕ್ಕಾಗಿಯೇ ಹನ್ನೆರಡನೆಯ ಶತಮಾನದಿಂದ ಹೆಸರಾದ ಊರು ನಮ್ಮದು. ಅಂಥ ಊರಿನಲ್ಲಿ ಮಾತಿಲ್ಲದ ಗೆಳೆತನವೇ? ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಎದ್ದಿರಬಹುದು. ಅದಕ್ಕೇ ಒಂದು ಸಂಜೆ ಆ ಹುಡುಗನ ಅನುಮತಿ ಕೇಳಿ ಅವನ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತೇಬಿಟ್ಟೆ.

ಅರ್ಧ ಗಂಟೆಯಲ್ಲಿ ಎಷ್ಟು ಮಾತು?

ಹುಡುಗನಿಗೆ ಹತ್ತೊಂಬತ್ತು ವರ್ಷ, ಬಿ.ಕಾಂ. ಓದುತ್ತಾನೆ. ಅವನು ಆಡುವುದು 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ'. ಹಿಂದಿನ 'ಪಬ್ಜಿ ಮೊಬೈಲ್' ಆಟವನ್ನು ಸರಕಾರ 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿದ ಮೇಲೆ 2021ರ ಜುಲೈನಲ್ಲಿ ಬಂದದ್ದು ಇದು. ನೂರು ಮಂದಿ ಒಂದು ನಡುಗಡ್ಡೆಗೆ ಇಳಿಯುತ್ತಾರೆ, ಕೊನೆಗೆ ಉಳಿದವರು ಗೆದ್ದಂತೆ. ನಾಲ್ವರ ತಂಡ ಕಟ್ಟಿಕೊಂಡೂ ಆಡಬಹುದು. ದೊಡ್ಡ ಪಂದ್ಯಗಳಲ್ಲಾದರೆ ಹದಿನಾರು ತಂಡ, ಒಟ್ಟು 64 ಮಂದಿ. ಒಂದು ಆಟಕ್ಕೆ ಸುಮಾರು ಅರ್ಧ ಗಂಟೆ ಬೇಕು.

ನಮ್ಮ ಹುಡುಗನ ತಂಡದಲ್ಲಿ ಒಬ್ಬ ಸೊಲ್ಲಾಪುರದವನು, ಒಬ್ಬ ಹೈದರಾಬಾದಿನವನು, ಇನ್ನೊಬ್ಬ ಇಲ್ಲೇ ಪಕ್ಕದ ಹುಮನಾಬಾದದವನು. ಮಾತೆಲ್ಲ ಹಿಂದಿಯಲ್ಲಿ. ಮಾತು ಎಂದೆನಲ್ಲ, ಅದೂ ಹೆಚ್ಚೇ ಆಯಿತು! "ಎಡಕ್ಕೆ ಇಬ್ಬರು." "ನಿಲ್ಲು." "ಗಾಡಿ ಬಂತು." "ನಾನು ನೋಡ್ಕೋತೀನಿ." ಅರ್ಧ ಗಂಟೆಯಲ್ಲಿ ನಾನು ಕೇಳಿದ್ದು ಇಂಥ ತುಂಡು ತುಂಡು ಮಾತುಗಳೇ. ನಾಯಕನಾದವನು ಹೇಳುವುದು, ಉಳಿದವರು ಮಾಡುವುದು. ಊಟ ಆಯ್ತೇನೋ ಎಂದು ಒಬ್ಬನಾದರೂ ಕೇಳಲಿಲ್ಲ.

ಪಡಸಾಲೆಯಲ್ಲಿ ಅವನ ತಮ್ಮ, ಎಂಟನೆಯ ಇಯತ್ತೆಯವನು, ಅದೇ ಆಟವನ್ನು ಶಾಲೆಯ ಗೆಳೆಯರ ಜೊತೆ ಆಡುತ್ತಿದ್ದ. ಅಲ್ಲಿಯ ಗದ್ದಲವನ್ನು ಏನೆಂದು ಹೇಳಲಿ! ನಗು, ಬೈಗುಳ, ಮಾಸ್ತರರ ಚಾಷ್ಟಿ, ಯಾರ ಮನೆಯಲ್ಲಿ ಏನು ಅಡಿಗೆ ಎಂಬುದರವರೆಗೆ ಮಾತು. ಸೋತರೂ ಸಂತೋಷ, ಗೆದ್ದರೂ ಸಂತೋಷ.

ಆಟ ಒಂದೇ. ಆದರೆ ಕೆಳಗಿನ ಮೆಟ್ಟಿಲಲ್ಲಿ ಜಾತ್ರೆ, ಮೇಲಿನ ಮೆಟ್ಟಿಲಲ್ಲಿ ಮೌನ! ಏಕೆ ಹೀಗೆ?

"ಕಾಕೂ, ಅಲ್ಲಿ ಹರಟಿ ಹೊಡೆದ್ರ ಶತ್ರು ಹೆಜ್ಜಿ ಸಪ್ಪಳ ಕೇಳಂಗಿಲ್ಲ," ಎಂದ ಹುಡುಗ. "ಒಬ್ಬಾಂವ ಮಾತಾಡಿದ್ರ ನಾಕೂ ಮಂದಿ ಸಾಯ್ತೀವಿ."

ಲಗ್ನದ ಮನೆಯ ರೊಟ್ಟಿ

ಇದನ್ನು ಕೇಳಿದಾಗ ನನಗೆ ನೆನಪಾದದ್ದು ಲಗ್ನದ ಮನೆಯಲ್ಲಿ ರೊಟ್ಟಿ ಬಡಿಯುವ ದಿನ. ಹೊಸದಾಗಿ ಕಲಿಯುವ ಹುಡುಗಿಯರು ಕುಳಿತರೆ ಮಾತೇ ಹೆಚ್ಚು, ರೊಟ್ಟಿ ಕಡಿಮೆ. ಕೈ ಪಳಗಿದ ಹೆಂಗಸರು ಕುಳಿತರೋ, ಒಬ್ಬಾಕೆ ಹಿಟ್ಟು ನಾದುತ್ತಾಳೆ, ಒಬ್ಬಾಕೆ ಬಡಿಯುತ್ತಾಳೆ, ಒಬ್ಬಾಕೆ ಹಂಚಿನ ಮೇಲೆ ತಿರುವುತ್ತಾಳೆ. "ನೀರು ಕೊಡು" ಎನ್ನುವ ಮೊದಲೇ ನೀರು ಕೈಗೆ ಬಂದಿರುತ್ತದೆ. ಅಲ್ಲಿ ಒಬ್ಬರನ್ನೊಬ್ಬರು ಅರಿತದ್ದು ಎಷ್ಟೊಂದು! ಆದರೆ ಸುಖ-ದುಃಖದ ಮಾತು ಬರುವುದು ಒಲೆ ಆರಿಸಿ ಚಹಾ ಕುಡಿಯುವಾಗ.

ಮೇಲ್ಮಟ್ಟದ ಆಟವೂ ಹಾಗೆಯೇ. ಅದು ಕೂಡಿ ಮಾಡುವ ಕೆಲಸ, ಕೂಡಿ ಕುಳಿತ ಹರಟೆಯಲ್ಲ. ನಂಬಿಕೆ ಅಲ್ಲಿದೆ, ಆದರೆ ಒಡನಾಟ ತಾನಾಗಿ ಬರುವುದಿಲ್ಲ.

ಹೊರದೇಶಗಳಲ್ಲೂ ಈ ಪ್ರಶ್ನೆ ಹಳೆಯದೇ. 2004ರಲ್ಲಿ ಅಮೆರಿಕದಲ್ಲಿ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆಟ ಬಂತು. ಸಾವಿರಾರು ಮಂದಿ ಒಂದೇ ಲೋಕದಲ್ಲಿ ಓಡಾಡುವ ಆಟ ಅದು. 2006ರಲ್ಲಿ ಸಂಶೋಧಕರು ಅದನ್ನು ಪರಿಶೀಲಿಸಿದಾಗ ಬಹಳಷ್ಟು ಆಟಗಾರರು ಮಂದಿಯ ನಡುವೆ ಇದ್ದೂ ಒಂಟಿಯಾಗಿಯೇ ಆಡುತ್ತಿದ್ದರು ಎಂದು ಕಂಡುಬಂತು. ನಮ್ಮ ಹುಮನಾಬಾದ ಬಸ್ಸಿನ ಹಾಗೆ ಎನ್ನಿ! ಬಸ್ಸು ತುಂಬ ಜನ, ಆದರೆ ಮಾತನಾಡುವವರು ಎಷ್ಟು ಮಂದಿ? ಆದರೂ ಖಾಲಿ ಬಸ್ಸಿಗಿಂತ ತುಂಬಿದ ಬಸ್ಸೇ ಮನಸ್ಸಿಗೆ ಹಿತ. ಅದೇ ಆಟದ ಮೇಲ್ಮಟ್ಟದಲ್ಲಿ ಆಗ ನಲವತ್ತು ಮಂದಿ ಸೇರಿ ಒಂದು ಘಟಸರ್ಪವನ್ನು ಕೊಲ್ಲಬೇಕಿತ್ತು. ನಲವತ್ತು ಬಾಯಿ ಒಮ್ಮೆಲೇ ಮಾತನಾಡಿದರೆ ನಡೆದೀತೇ? ಒಬ್ಬ ಹೇಳಬೇಕು, ಉಳಿದವರು ಕೇಳಬೇಕು.

ಈಗಂತೂ ಇದು ಪದಕದ ಆಟವೂ ಆಗಿದೆ. ನಮ್ಮ ಸರಕಾರ 2022ರ ಡಿಸೆಂಬರಿನಲ್ಲಿ ಇ-ಕ್ರೀಡೆಗೆ ಮಾನ್ಯತೆ ಕೊಟ್ಟಿತು. 2023ರಲ್ಲಿ ಚೀನಾದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಮೊದಲ ಬಾರಿಗೆ ಅದಕ್ಕೆ ಪದಕಗಳಿದ್ದವು. ಪದಕದ ಆಸೆ ಹೆಚ್ಚಿದಷ್ಟೂ ಹರಟೆ ಕಡಿಮೆಯಾಗುವುದು ಸಹಜವೇ ಅಲ್ಲವೇ?

ಆ ಮೂರನೆಯ ದಿನ

ಹಾಗಾದರೆ ತಾಯಿಯ ಚಿಂತೆ ಸುಳ್ಳೇ? ಇಲ್ಲ.

ಕಳೆದ ವರ್ಷ ಆ ಹುಡುಗನ ಆಯಿ ತೀರಿಕೊಂಡರು. ಅವನನ್ನು ಎತ್ತಿ ಆಡಿಸಿ ಬೆಳೆಸಿದವರು ಅವರೇ. ಅಂದು ಸಂಜೆ ಅವನು ಆಟಕ್ಕೆ ಹೋಗಲಿಲ್ಲ. ತಂಡದಿಂದ ಎರಡು ಸಾಲಿನ ಸಂದೇಶ ಬಂತು. ಮರುದಿನ ಅವನ ಜಾಗದಲ್ಲಿ ಬೇರೊಬ್ಬನನ್ನು ಹಾಕಿಕೊಂಡು ಅಭ್ಯಾಸ ನಡೆಯಿತು. ಹುಡುಗ ಮೊಬೈಲನ್ನು ದಿಂಬಿನ ಕೆಳಗಿಟ್ಟು ಗೋಡೆಯ ಕಡೆ ತಿರುಗಿ ಮಲಗಿದ. "ಎರಡು ವರ್ಷ ಕೂಡಿ ಆಡೀವಿ, ನನ್ನ ಜಾಗಾ ಒಂದೇ ದಿನದಾಗ ತುಂಬಿತು ಅವ್ವಾ," ಎಂದನಂತೆ. ಆ ಮಾತು ಹೇಳುವಾಗ ತಾಯಿಯ ಕಣ್ಣು ಒದ್ದೆಯಾಗಿತ್ತು.

ಮೂರನೆಯ ದಿನ ಬಾಗಿಲಲ್ಲಿ ಒಬ್ಬ ತೆಳ್ಳನೆಯ ಹುಡುಗ ಬಂದು ನಿಂತ. ಕೈಯಲ್ಲಿ ಬಾಳೆಹಣ್ಣಿನ ಚೀಲ. ಹೆಸರು ಹೇಳಿದರೂ ಯಾರಿಗೂ ಗುರುತಾಗಲಿಲ್ಲ. ಒಳಗಿನಿಂದ ದನಿ ಕೇಳಿದ ಮಗ ಮಾತ್ರ ಥಟ್ಟನೆ ಎದ್ದು ಬಂದ. ಮುಖ ನೋಡಿರದಿದ್ದರೂ ದನಿ ಗೊತ್ತಿತ್ತು! ಹುಮನಾಬಾದದ ಹುಡುಗ ಬಸ್ಸು ಹಿಡಿದು ಬಂದಿದ್ದ. ಇಬ್ಬರೂ ಹೆಚ್ಚು ಮಾತನಾಡಲಿಲ್ಲ. ಕಟ್ಟೆಯ ಮೇಲೆ ಸಂಜೆಯವರೆಗೆ ಸುಮ್ಮನೆ ಕುಳಿತಿದ್ದರು. ಮುಂದಿನ ಜನವರಿಯಲ್ಲಿ ಹುಮನಾಬಾದದ ವೀರಭದ್ರೇಶ್ವರ ಜಾತ್ರೆಗೆ ನಮ್ಮ ಹುಡುಗ ಅವರ ಮನೆಗೆ ಹೋಗಿ ಎರಡು ದಿನ ಇದ್ದು ಬಂದ.

ಮೂವರಲ್ಲಿ ಒಬ್ಬ ಬಂದ. ನಮ್ಮ ನಿಮ್ಮ ಬಳಗದಲ್ಲೂ ಲೆಕ್ಕ ಹಾಕಿದರೆ ಅಷ್ಟೇ ಬಂದೀತೇನೋ! ಆದರೆ ಅವನನ್ನು ಗೆಳೆಯನನ್ನಾಗಿ ಮಾಡಿದ್ದು ಗೆದ್ದ ಪಂದ್ಯಗಳಲ್ಲ. ಪಂದ್ಯ ಮುಗಿದ ಮೇಲೆ ಹತ್ತು ನಿಮಿಷ ಅವರಿಬ್ಬರೇ ಉಳಿದು ಕಾಲೇಜು, ಮನೆ ಎಂದು ಮಾತನಾಡುತ್ತಿದ್ದರಂತೆ. ಅದು ತಾಯಿಗೂ ಗೊತ್ತಿರಲಿಲ್ಲ.

ತಾಯಂದಿರಿಗೆ ನಾಲ್ಕು ಮಾತು

"ಯಾರ ಜೊತೆ ಆಡ್ತೀ?" ಎಂದು ಕೇಳುವ ಬದಲು "ಆಟ ಮುಗಿದ ಮ್ಯಾಲೆ ಯಾರ ಜೊತೆ ಮಾತಾಡ್ತೀ?" ಎಂದು ಕೇಳಿ. ಉತ್ತರದಲ್ಲಿ ಒಂದು ಹೆಸರಾದರೂ ಬಂದರೆ ಸಮಾಧಾನ. ಒಂದೂ ಬಾರದಿದ್ದರೆ ಬೈಯಬೇಡಿ, ಆ ಸಂಜೆ ಅವನ ಪಕ್ಕದಲ್ಲಿ ನೀವೇ ಕುಳಿತುಕೊಳ್ಳಿ.

ಪಂದ್ಯದ ನಡುವೆ ಕರೆದು ಸಿಟ್ಟಾಗಬೇಡಿ. ಅರ್ಧ ಗಂಟೆ ತಡೆದು, ಮುಗಿದ ಮೇಲೆ ತಟ್ಟೆ ಹಾಕಿ ಕರೆಯಿರಿ. ಆದರೆ ಊಟದ ಹೊತ್ತು ಮನೆಯವರದೇ ಎಂಬುದು ಖಡಾಖಂಡಿತವಾಗಿರಲಿ.

ಚಿಕ್ಕ ಮಕ್ಕಳಿಗೆ ಹೊತ್ತಿನ ಮಿತಿ ಇರಲಿ. ಈ ಆಟ 2023ರಲ್ಲಿ ಮರಳಿ ಶುರುವಾದಾಗ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆ ಎಂದು ಗೊತ್ತುಮಾಡಿದ್ದರು. ಶಾಲೆಯ ಮಕ್ಕಳಿಗೆ ಅಷ್ಟೂ ಹೆಚ್ಚೇ ಎಂದು ನನ್ನ ಅನಿಸಿಕೆ.

ಹಣ ಪಣಕ್ಕಿಡುವ ಆಟವೇ ಬೇರೆ. 2025ರ ಆಗಸ್ಟಿನಲ್ಲಿ ಸಂಸತ್ತು ಅದನ್ನು ನಿಷೇಧಿಸುವ ಕಾಯಿದೆಯನ್ನೇ ಮಾಡಿದೆ. ಮಗ ಆಡುವುದು ಯಾವುದೆಂದು ಒಮ್ಮೆ ವಿಚಾರಿಸಿಕೊಳ್ಳಿ.

ಮೊನ್ನೆ ಆ ತಾಯಿಯ ಮನೆಗೆ ಹೋಗಿದ್ದೆ. ಬುಟ್ಟಿಯಲ್ಲಿ ಎರಡು ರೊಟ್ಟಿ ಹೆಚ್ಚು ಬಡಿದಿಟ್ಟಿದ್ದರು. "ಯಾರಿಗ್ರೀ?" ಎಂದೆ. ನಕ್ಕು ಹೇಳಿದರು: "ಹುಮನಾಬಾದದಿಂದ ಹುಡುಗ ಬರಾಂವ ಇದ್ದಾನ ಅಕ್ಕಾ. ಅವಂಗ ಪುಂಡಿಪಲ್ಯ ಅಂದ್ರ ಬಾಳ ಇಷ್ಟ!"