ಕೀಲಿಮಣೆಯ ಮುಂದೆ ಕನ್ನಡ ಮಾಸ್ತರ

ಇಪ್ಪತ್ತು ವರ್ಷ ಸೀಮೆಸುಣ್ಣ ಹಿಡಿದ ಕೈಗೆ ಕಂಪ್ಯೂಟರಿನ ಕೀಲಿಮಣೆ ಒಗ್ಗುವುದು ಸುಲಭವಲ್ಲ. ಕೇರಳದ ಶಾಲೆಗಳಿಗೆ ‘ಐಟಿ ಅಟ್ ಸ್ಕೂಲ್’ ಯೋಜನೆ ಬಂದದ್ದು 2001ರಲ್ಲಿ; 2017ರಲ್ಲಿ ಅದು ‘ಕೈಟ್’ ಸಂಸ್ಥೆಯಾಯಿತು. ಈ ಕಾಲವೆಲ್ಲ ನಾನು ಮಕ್ಕಳನ್ನು ಕಂಪ್ಯೂಟರ್ ಕೋಣೆಗೆ ಕಳುಹಿಸಿ, ಹೊರಗೇ ಉಳಿದವನು. ಪ್ರಶ್ನೆಪತ್ರಿಕೆಗಳನ್ನು ಪೇಟೆಯ ಡಿಟಿಪಿ ಅಂಗಡಿಯಲ್ಲಿ ಮಾಡಿಸಿ ಪೆನ್ ಡ್ರೈವಿನಲ್ಲಿ ಇಟ್ಟುಕೊಳ್ಳುತ್ತಿದ್ದೆ.

ಕಳೆದ ವರ್ಷ ಒಂದು ಘಟಕ ಪರೀಕ್ಷೆಯ ಮುನ್ನಾದಿನ ಹಳೆಯ ಪತ್ರಿಕೆಯ ಎರಡು ಪ್ರಶ್ನೆ ಬದಲಾಯಿಸೋಣವೆಂದು ಶಾಲೆಯ ಕಂಪ್ಯೂಟರಿನಲ್ಲಿ ತೆರೆದೆ. ಕನ್ನಡದ ಒಂದಕ್ಷರವೂ ಇಲ್ಲ! ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಕೊನೆಗೆ ಕೈಯಲ್ಲೇ ಬರೆದು ನಕಲು ತೆಗೆಸಿದೆ. ಮರುದಿನ ಮಲಯಾಳ ವಿಭಾಗದ ಮಕ್ಕಳ ಮುಂದೆ ಅಚ್ಚುಕಟ್ಟಾದ ಮುದ್ರಿತ ಹಾಳೆ, ನಮ್ಮ ಮಕ್ಕಳ ಮುಂದೆ ಮಸುಕು ಹಾಳೆ. “ಸರ್, ಇದು ಮೂರೋ ಎಂಟೋ?” ಎಂದು ಒಬ್ಬ ಹುಡುಗ ಕೇಳಿದಾಗ ನನಗೆ ನಾಚಿಕೆಯಾಯಿತು.

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ನಾನೂ ಯಂತ್ರವನ್ನೇ ಬೈದೆ. ಆದರೆ ಕಾರಣ ಬೇರೆಯೇ ಇತ್ತು. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಚೌಕಿಯಲ್ಲಿ ವೇಷ ಕಳಚಿದಂತೆ ಒಳಗಿನ ಇಂಗ್ಲಿಷ್ ಕಾಣಿಸುತ್ತದೆ. ಯೂನಿಕೋಡಿನಲ್ಲಿ ಹಾಗಲ್ಲ, ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಖ್ಯೆಗಳಿವೆ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಅದು ತಿಳಿಯದೆ ಉಳಿದವನು ನಾನು.

ದಾರಿ ತೋರಿಸಿದವರು ಪಕ್ಕದ ಮೇಜಿನ ಮಲಯಾಳ ಟೀಚರ್. ಶಾಲೆಯ ಕಂಪ್ಯೂಟರಿನಲ್ಲಿರುವ ಲಿಬ್ರೆ ಆಫೀಸಿನ ‘ರೈಟರ್’ ತೆರೆದು, “ಮಾಷೇ, ನಮ್ಮ ‘ಕ’ ಇರುವಲ್ಲೇ ನಿಮ್ಮ ‘ಕ’ ಕೂಡ ಇದೆ, ಒತ್ತಿ ನೋಡಿ” ಎಂದರು. ನಿಜವೇ! ಇನ್‌ಸ್ಕ್ರಿಪ್ಟ್ ಎಂಬ ಕೀಲಿ ವಿನ್ಯಾಸ ಭಾರತೀಯ ಲಿಪಿಗಳಿಗೆಲ್ಲ ಸಾಮಾನ್ಯವಾದದ್ದು. ಎಡಗೈಗೆ ಸ್ವರಗಳು, ಬಲಗೈಗೆ ಹೆಚ್ಚಿನ ವ್ಯಂಜನಗಳು. ಇಂಗ್ಲಿಷಿನ ‘ಡಿ’ ಕೀಲಿ ಅರ್ಧಾಕ್ಷರ ಮಾಡುತ್ತದೆ. ಒತ್ತಕ್ಷರದ ಗುಟ್ಟೆಲ್ಲ ಅದರಲ್ಲೇ. ಕೆ, ವಿ, ಡಿ, ವಿ, ಕೊನೆಗೆ ಚೌಕ ಆವರಣ ತೆರೆಯುವ ಕೀಲಿ ಒತ್ತಿದರೆ ‘ಕನ್ನಡ’ ಮೂಡುತ್ತದೆ. ಮೊದಲ ದಿನ ಅಷ್ಟಕ್ಕೇ ಅರ್ಧ ನಿಮಿಷ ಹಿಡಿಯಿತು. ದಿನಕ್ಕೆ ಹತ್ತು ಸಾಲಿನಂತೆ ಪಾಠದ ವಾಕ್ಯಗಳನ್ನೇ ಹೊಡೆಯುತ್ತ ಹೋದೆ. ಎರಡು ತಿಂಗಳಲ್ಲಿ ಬೆರಳಿಗೆ ದಾರಿ ತಿಳಿಯಿತು.

ಉಳಿದ ಪಾಠಗಳು ತಪ್ಪುಗಳಿಂದಲೇ ಬಂದವು. ಶೀರ್ಷಿಕೆಯನ್ನು ನಡುವೆ ತರಲು ಖಾಲಿ ಜಾಗ ಒತ್ತಿ ಒತ್ತಿ ತಳ್ಳುತ್ತಿದ್ದೆ. ಅದಕ್ಕೊಂದು ಗುಂಡಿಯೇ ಇದೆ. ಮುಂದಿನ ಪುಟಕ್ಕೆ ಹೋಗಲು ಎಂಟರ್ ಒತ್ತುತ್ತಲೇ ಇದ್ದೆ. ಮೇಲೆ ಒಂದು ಸಾಲು ಸೇರಿಸಿದರೆ ಕೆಳಗಿನದೆಲ್ಲ ಜಾರುತ್ತಿತ್ತು. ಕಂಟ್ರೋಲ್ ಮತ್ತು ಎಂಟರ್ ಒಟ್ಟಿಗೆ ಒತ್ತಿದರೆ ಹೊಸ ಪುಟ ತಾನೇ ಬರುತ್ತದೆ. ಅಂಕಪಟ್ಟಿಗೆ ‘ಕಾಲ್ಕ್’ ಹಿಡಿದಾಗ ಒಬ್ಬ ಹುಡುಗಿಯ ಮೊತ್ತ ಕಡಿಮೆ ಬಂತು. ನೋಡಿದರೆ, ಒಂದು ಮನೆಯಲ್ಲಿ ಸಂಖ್ಯೆಯ ಜೊತೆಗೆ ‘ಅಂಕ’ ಎಂದೂ ಬರೆದಿದ್ದೆ. ಯಂತ್ರ ಅದನ್ನು ಬರಹವೆಂದು ತಿಳಿದು ಮೊತ್ತಕ್ಕೆ ಸೇರಿಸಿರಲಿಲ್ಲ. ಸಂಖ್ಯೆ ಮನೆಯ ಬಲಕ್ಕೆ, ಬರಹ ಎಡಕ್ಕೆ ನಿಲ್ಲುವುದನ್ನು ಗಮನಿಸಿದ್ದರೆ ಆಗಲೇ ತಿಳಿಯುತ್ತಿತ್ತು.

ನಾಚಿಕೆಯಿಂದ ದೂರ ನಿಂತ ಸಹೋದ್ಯೋಗಿ ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ಪೆನ್ ಡ್ರೈವಿನಲ್ಲೂ ನನ್ನಂತೆ ಹಳೆಯ ಫಾಂಟಿನ ಟಿಪ್ಪಣಿ, ನಾಟಕ, ಪ್ರಶ್ನೆಪತ್ರಿಕೆಗಳು ಇರಬಹುದು. ಮುದ್ರಿತ ಪ್ರತಿ ಕೈಯಲ್ಲಿರುವಾಗಲೇ ಯೂನಿಕೋಡಿನಲ್ಲಿ ಮತ್ತೆ ಬೆರಳಚ್ಚು ಮಾಡಿಡಿ. ಮುದ್ರಣಕ್ಕೆ ಪಿಡಿಎಫ್ ಕೊಡಿ, ತಿದ್ದಲು ಮೂಲ ಕಡತ ಉಳಿಸಿಕೊಳ್ಳಿ. ಗಡಿನಾಡಿನಲ್ಲಿ ಕನ್ನಡ ಕಲಿಸುವ ನಾವು ನಮ್ಮ ಮಕ್ಕಳಿಗೆ ಸ್ಪಷ್ಟವಾದ ಹಾಳೆಯನ್ನಾದರೂ ಕೊಡಬೇಡವೇ? ಈ ಸಲದ ಘಟಕ ಪರೀಕ್ಷೆಗೆ ನಾನೇ ಬೆರಳಚ್ಚು ಮಾಡಿದ ಪತ್ರಿಕೆ ಹಂಚಿದೆ. ಮೂರೋ ಎಂಟೋ ಎಂದು ಯಾರೂ ಕೇಳಲಿಲ್ಲ.