ಒಲೆಗೇರುವ ತನಕ ಬದುಕಿರಬೇಕಾದ ಜೀವ

ಕೊಪ್ಪಳ ಜಿಲ್ಲೆಗೆ ಕಡಲಿಲ್ಲ, ಕಡಲಿಗೆ ಹೋಗುವ ದಾರಿಯಿದೆ. ಅಂಕೋಲಾದಿಂದ ಹೊರಟು ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ ಹಾದು ಆಂಧ್ರದ ಗುತ್ತಿ ಮುಟ್ಟುತ್ತಿದ್ದ ಹಳೆಯ ರಾಷ್ಟ್ರೀಯ ಹೆದ್ದಾರಿ 63 ಈ ಬಯಲುಸೀಮೆಯನ್ನು ಕರಾವಳಿಗೆ ಕಟ್ಟಿಹಾಕಿತ್ತು. ಬಂಗಡೆ, ತಾರ್ಲಿಗಳು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಕೂತು ಘಟ್ಟ ಹತ್ತಿ ಬರುತ್ತವೆ. ತುಂಗಭದ್ರಾ ಜಲಾಶಯದ ಕಾಟ್ಲಾ, ರೋಹು ಹೇಗೂ ಮನೆಯ ಪಕ್ಕದವು. ಕಿವಿರು ಕೆಂಪಗಿದೆಯೇ, ಕಣ್ಣು ಉಬ್ಬಿದೆಯೇ ಎಂದು ನೋಡಿ ಮೀನು ಆರಿಸುವುದನ್ನು ಗಂಗಾವತಿ, ಮುನಿರಾಬಾದಿನವರಿಗೆ ಯಾರೂ ಕಲಿಸಬೇಕಿಲ್ಲ.

ಆದರೆ ಗೋಕರ್ಣ, ಕಾರವಾರದ ಕಡೆ ಹೋದವರು ಬರುವಾಗ ಒಂದು ಚೀಲ ಬಳಚು ಎಂಬ ಚಿಪ್ಪುಜೀವಿಯನ್ನೋ, ಹೋಟೆಲ್ ಪಟ್ಟಿಯಲ್ಲಿ ಆಯ್‌ಸ್ಟರ್ ಎಂದು ಕಾಣುವ ಸಿಂಪಿಯನ್ನೋ ಕಟ್ಟಿಸಿಕೊಂಡು ಬಂದರೆ ಮೀನಿನ ಲೆಕ್ಕಾಚಾರ ನಡೆಯುವುದಿಲ್ಲ. ಮೀನು ಸತ್ತೇ ಬರುತ್ತದೆ, ಮಂಜುಗಡ್ಡೆ ಅದರ ಮಾಂಸವನ್ನು ಕಾಯುತ್ತದೆ. ಚಿಪ್ಪಿನ ಜೀವಿ ಮಾತ್ರ ಒಲೆಯ ಮೇಲಿನ ಪಾತ್ರೆಗೆ ಬೀಳುವ ಕ್ಷಣದವರೆಗೂ ಬದುಕಿರಬೇಕು. ಸತ್ತದ್ದನ್ನು ತಿನ್ನಬಾರದು.

ಅದು ಬದುಕಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಉತ್ತರ ಅದರ ದೇಹದ ರಚನೆಯಲ್ಲೇ ಇದೆ. ಸಿಂಪಿಯ ಎರಡು ಚಿಪ್ಪುಗಳು ಕೂಡುವ ಕಡೆ ರಬ್ಬರಿನಂಥ ಒಂದು ಕಟ್ಟು ಇರುತ್ತದೆ. ಅದು ಸದಾ ಚಿಪ್ಪುಗಳನ್ನು ಅಗಲಿಸಲು ಒತ್ತುತ್ತಿರುತ್ತದೆ. ಮುಚ್ಚಿ ಹಿಡಿಯುವ ಕೆಲಸ ಒಳಗಿನ ಒಂದು ದಪ್ಪ ಸ್ನಾಯುವಿನದು. ಆ ಸ್ನಾಯುವಿನಲ್ಲೂ ಎರಡು ಬಗೆ: ಒಂದು ಭಾಗ ಅಪಾಯ ಕಂಡೊಡನೆ ಫಟ್ಟನೆ ಚಿಪ್ಪು ಮುಚ್ಚುತ್ತದೆ, ಇನ್ನೊಂದು ಭಾಗ ತೀರಾ ಕಡಿಮೆ ಶಕ್ತಿ ಖರ್ಚು ಮಾಡಿ ತಾಸುಗಟ್ಟಲೆ ಆ ಹಿಡಿತವನ್ನು ಬಿಗಿಯಾಗಿ ಉಳಿಸಿಕೊಳ್ಳುತ್ತದೆ. ಅಂದರೆ ಬಾಯಿ ಮುಚ್ಚಿರುವುದು ಜೀವ ದುಡಿಯುತ್ತಿರುವುದರ ಗುರುತು. ಜೀವ ಹೋದರೆ ಸ್ನಾಯು ಸಡಿಲವಾಗಿ ಚಿಪ್ಪು ತಾನಾಗಿಯೇ ಬಾಯಿ ಬಿಡುತ್ತದೆ. ತುಸು ತೆರೆದುಕೊಂಡ ಚಿಪ್ಪನ್ನು ಬೆರಳಿನಿಂದ ತಟ್ಟಿದಾಗ ಮುಚ್ಚಿಕೊಂಡರೆ ಅದು ಬದುಕಿದೆ. ಮುಚ್ಚದಿದ್ದರೆ, ಒಡೆದಿದ್ದರೆ, ಕೆಟ್ಟ ವಾಸನೆ ಬಂದರೆ ಎಸೆಯಬೇಕು.

ನೀರಿನಿಂದ ತೆಗೆದ ಮೇಲೂ ಅದು ದಿನಗಟ್ಟಲೆ ಬದುಕುವುದು ಇಳಿತದ ಅಭ್ಯಾಸದಿಂದ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ದಿನಕ್ಕೆರಡು ಬಾರಿ ನೀರು ಹಿಂದೆ ಸರಿಯುತ್ತದೆ. ಆಗ ಚಿಪ್ಪು ಮುಚ್ಚಿಕೊಂಡು, ಒಳಗೆ ಹಿಡಿದಿಟ್ಟ ಉಪ್ಪುನೀರಿನಲ್ಲೇ ಕಾಲ ಕಳೆಯುವುದು ಇವುಗಳಿಗೆ ಗೊತ್ತು. ಆಮ್ಲಜನಕ ತೀರಿದರೆ ಅದಿಲ್ಲದೆಯೇ ಶಕ್ತಿ ಪಡೆಯುವ ದಾರಿ ಹಿಡಿಯುತ್ತವೆ. ಅದರಿಂದ ದೇಹದಲ್ಲಿ ಹುಟ್ಟುವ ಆಮ್ಲವನ್ನು ತಮ್ಮ ಚಿಪ್ಪಿನ ಸುಣ್ಣವನ್ನೇ ಕರಗಿಸಿ ಶಮನ ಮಾಡಿಕೊಳ್ಳುತ್ತವೆ! ತಂಪಿದ್ದಷ್ಟೂ ಈ ಖರ್ಚು ನಿಧಾನ, ಸೆಕೆ ಹೆಚ್ಚಿದಷ್ಟೂ ಬೇಗ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕುಷ್ಟಗಿ, ಯಲಬುರ್ಗಾಗಳಲ್ಲಿ ಕಾರಿನ ಡಿಕ್ಕಿಯಲ್ಲಿಟ್ಟ ಚೀಲಕ್ಕೆ ಉಳಿಗಾಲವಿಲ್ಲ.

ಮನೆಯಲ್ಲಿ ಇಡುವ ಕ್ರಮವೆಲ್ಲ ಇದರಿಂದಲೇ ಹೊರಡುತ್ತದೆ. ಅಗಲ ಪಾತ್ರೆಯಲ್ಲಿ ಹರಡಿ, ಒದ್ದೆ ಬಟ್ಟೆ ಸಡಿಲವಾಗಿ ಹೊದಿಸಿ, 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರುವ ಫ್ರಿಜ್ಜಿನಲ್ಲಿಡಬೇಕು. ಸಿಂಪಿಯ ಒಂದು ಚಿಪ್ಪು ಬಟ್ಟಲಿನಂತೆ ಆಳ, ಇನ್ನೊಂದು ಚಪ್ಪಟೆ. ಆಳದ್ದು ಕೆಳಗಿರಲಿ, ಒಳಗಿನ ಉಪ್ಪುನೀರು ಚೆಲ್ಲದು. ಗಂಟು ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಅದು ಉಸಿರುಗಟ್ಟಿ ಸಾಯುತ್ತದೆ. ನಲ್ಲಿ ನೀರು ತುಂಬಿದ ಬಕೆಟ್ಟಿನಲ್ಲಿಟ್ಟರೂ ಸಾವೇ, ಏಕೆಂದರೆ ಉಪ್ಪುನೀರಿನ ದೇಹಕ್ಕೆ ಸಿಹಿನೀರು ತಡೆಯದು. ಮಂಜುಗಡ್ಡೆ ಹಾಕಿದರೆ ಕರಗಿದ ನೀರು ಬಸಿದು ಹೋಗುವಂತಿರಬೇಕು. ತೊಳೆದು ಉಜ್ಜುವ ಕೆಲಸ ಅಡುಗೆಗೆ ಮುಂಚೆ ಮಾತ್ರ. ಬೇಯಿಸಿದ ಅನ್ನ, ಸಾರಿನ ಮೇಲಿನ ಅಂಕಣದಲ್ಲಿ ಇಡಬಾರದು, ತೊಟ್ಟಿಕ್ಕುವ ನೀರು ಅವನ್ನೂ ಕೆಡಿಸುತ್ತದೆ. ಒಂದೆರಡು ದಿನದಲ್ಲಿ ಬೇಯಿಸಿಬಿಡುವುದು ಲೇಸು.

ಇಷ್ಟೊಂದು ಕಟ್ಟುನಿಟ್ಟು ಯಾಕೆ? ಸಿಂಪಿಯ ಊಟದ ರೀತಿ ಅಂಥದ್ದು. ಅದು ಕಿವಿರಿನ ಮೂಲಕ ನೀರು ಹಾಯಿಸಿ ಸೂಕ್ಷ್ಮ ಪಾಚಿಯನ್ನು ಸೋಸಿ ತಿನ್ನುತ್ತದೆ. ಬೆಳೆದ ಸಿಂಪಿ ಅನುಕೂಲದ ಸ್ಥಿತಿಯಲ್ಲಿ ದಿನಕ್ಕೆ ಸುಮಾರು 190 ಲೀಟರ್‌ವರೆಗೂ ಸೋಸಬಲ್ಲದು. ನೀರಿನಲ್ಲಿದ್ದ ರೋಗಾಣುಗಳೂ ಆ ಸೋಸುವಿಕೆಯಲ್ಲಿ ಒಳಗೆ ಸೇರುತ್ತವೆ. ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಬೆಚ್ಚಗಿನ ಅಳಿವೆ ನೀರಿನ ಸಹಜ ನಿವಾಸಿ. ಸಿಂಪಿ ಸತ್ತು ಬೆಚ್ಚಗೆ ಬಿದ್ದಿದ್ದರೆ ಈ ಬ್ಯಾಕ್ಟೀರಿಯಾ ಕೆಲವೇ ತಾಸುಗಳಲ್ಲಿ ಬೆಳೆದು ತುಂಬುತ್ತದೆ. ಯಕೃತ್ತಿನ ಕಾಯಿಲೆ, ಸಕ್ಕರೆ ಕಾಯಿಲೆ ಇರುವವರಿಗೆ ಇದರ ಒಂದು ಬಗೆ ಪ್ರಾಣಾಂತಿಕ. ನಿಂಬೆರಸ ಹಿಂಡಿ ಹಸಿಯಾಗಿ ತಿನ್ನುವ ಹೊರದೇಶದ ಪದ್ಧತಿಯನ್ನು ನಮ್ಮ ಅಡುಗೆಮನೆಗೆ ತರಬೇಕಿಲ್ಲ. ನಿಂಬೆ, ಮೆಣಸಿನಕಾಯಿಗಳಿಂದ ರೋಗಾಣು ಸಾಯುವುದಿಲ್ಲ. ಕುದಿಯುವ ನೀರಿನಲ್ಲಿ ಚಿಪ್ಪು ತೆರೆದ ಮೇಲೂ ಮೂರರಿಂದ ಐದು ನಿಮಿಷ ಬೇಯಬೇಕು. ಬೆಂದರೂ ತೆರೆಯದ ಚಿಪ್ಪನ್ನು ಎಸೆಯಬೇಕು.

1988ರಲ್ಲಿ ಚೀನಾದ ಶಾಂಘೈಯಲ್ಲಿ ಅರೆಬೆಂದ ಚಿಪ್ಪುಜೀವಿ ತಿಂದು ಸುಮಾರು 3 ಲಕ್ಷ ಜನರಿಗೆ ಹೆಪಟೈಟಿಸ್ ಎ ಕಾಮಾಲೆ ತಗಲಿತು. ಆ ಚಿಪ್ಪುಗಳು ಚರಂಡಿ ನೀರು ಸೇರಿದ ಕಡೆಯಿಂದ ಬಂದಿದ್ದವು.

ಫ್ರಿಜ್ಜು, ಬೆಂಕಿ ಎರಡೂ ಸೋಲುವ ಸಂದರ್ಭವೂ ಇದೆ. 1983ರಲ್ಲಿ ಕಾಸರಗೋಡಿನ ಕುಂಬಳೆಯಲ್ಲಿ ಅಳಿವೆಯ ಚಿಪ್ಪುಜೀವಿ ತಿಂದವರು ಅಸ್ವಸ್ಥರಾದರು, ಒಬ್ಬ ಹುಡುಗ ತೀರಿಕೊಂಡ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಡ್ಯಾ ಕರುಣಾಸಾಗರ್ ಮತ್ತು ಸಂಗಡಿಗರು ಮರುವರ್ಷ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ವರದಿ ಮಾಡಿದರು. ಕೆಲವು ಸೂಕ್ಷ್ಮ ಪಾಚಿಗಳು ತಯಾರಿಸುವ, ನರಗಳನ್ನು ಸ್ತಬ್ಧಗೊಳಿಸುವ ವಿಷ ಅದಕ್ಕೆ ಕಾರಣ. ಸಿಂಪಿ, ಬಳಚುಗಳು ಅದನ್ನು ಕೂಡಿಟ್ಟುಕೊಂಡರೂ ಆರೋಗ್ಯವಾಗಿಯೇ ಇರುತ್ತವೆ, ತಟ್ಟಿದರೆ ಬಾಯಿ ಮುಚ್ಚುತ್ತವೆ. ಕುದಿಸಿದರೂ ಆ ವಿಷ ನಾಶವಾಗುವುದಿಲ್ಲ. ತಿಂದ ಮೇಲೆ ತುಟಿ, ನಾಲಿಗೆ ಜುಮ್ಮೆಂದರೆ ಬೆಳಗಾಗಲೆಂದು ಕಾಯಬಾರದು. ಈ ವಿಷಕ್ಕೆ ಮದ್ದಿಲ್ಲ, ಆದರೆ ಆಸ್ಪತ್ರೆಯ ಕೃತಕ ಉಸಿರಾಟ ಜೀವ ಉಳಿಸಬಲ್ಲದು. ಆದ್ದರಿಂದ ಎಲ್ಲಿ ಹಿಡಿದದ್ದು, ಯಾವಾಗ ಹಿಡಿದದ್ದು ಎಂದು ಮಾರುವವರನ್ನು ಕೇಳುವುದು ಕೊಳ್ಳುವವರ ಹಕ್ಕು.

ತುಂಗಭದ್ರೆಯ ಕೆಸರಿನಲ್ಲಿ ಸಿಗುವ ಕಪ್ಪೆಚಿಪ್ಪುಗಳೂ ಇದೇ ಸೋಸುವ ಕೆಲಸ ಮಾಡುತ್ತವೆ. ಊರುಗಳ ಕೊಳೆನೀರು, ಗದ್ದೆಗಳ ಔಷಧಿ ಹರಿದು ಬರುವ ಕಡೆ ಆಯ್ದ ಚಿಪ್ಪು ಪಾತ್ರೆಗೆ ತಕ್ಕುದಲ್ಲ. ಇದೇ ನದಿಯ ಮೇಲುಭಾಗದಲ್ಲಿ, ಮಲೆನಾಡಿನ ಹೊಳೆಗಳಲ್ಲಿ, ಬಂಡೆಗೆ ಅಂಟಿಕೊಂಡು ಬೆಳೆಯುವ ಸಿಹಿನೀರಿನ ಸಿಂಪಿಯೂ ಒಂದಿದೆ. 1898ರಲ್ಲಿ ಎಡ್ಗರ್ ಸ್ಮಿತ್ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಈಗಿನ ಹೆಸರು ಸ್ಯೂಡೊಮುಲ್ಲೇರಿಯಾ ಡಾಲಿ. ಹೀಗೆ ಬಂಡೆಗಂಟಿ ಬದುಕುವ ಸಿಹಿನೀರಿನ ಸಿಂಪಿಗಳು ಆಫ್ರಿಕಾ, ದಕ್ಷಿಣ ಅಮೆರಿಕಗಳಲ್ಲೂ ಇರುವುದರಿಂದ ಇದು ಅವುಗಳ ನಂಟನೆಂದೇ ಬಹುಕಾಲ ನಂಬಲಾಗಿತ್ತು. ಡಿಎನ್ಎ ನೋಡಿದಾಗ ಇದು ನಮ್ಮ ನದಿಗಳ ಸಾಧಾರಣ ಕಪ್ಪೆಚಿಪ್ಪುಗಳ ಬಳಗಕ್ಕೇ ಸೇರಿದ್ದೆಂದು ಗೊತ್ತಾಯಿತು. ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿರುವ ಅದನ್ನು ಕಂಡವರು ಬಂಡೆಯಿಂದ ಕೀಳದೆ ಬಿಟ್ಟುಬಿಡಬೇಕು.

ಕರಾವಳಿಯಿಂದ ತರಲೇಬೇಕೆನ್ನುವವರು ಚಳಿಗಾಲದಲ್ಲಿ, ತಂಪುಪೆಟ್ಟಿಗೆಯಲ್ಲಿ ತಂದು ಅಂದೇ ಬೇಯಿಸಲಿ. ಏಪ್ರಿಲ್, ಮೇ ತಿಂಗಳಲ್ಲಾದರೆ ಕುಮಟಾದಲ್ಲೇ ಕೂತು ಬಿಸಿಬಿಸಿಯಾಗಿ ತಿಂದು ಕೊಪ್ಪಳಕ್ಕೆ ಬರಿಗೈಯಲ್ಲಿ ಮರಳುವುದೇ ಸರಿ.