ಮನೆ ಲೆಕ್ಕ, ಬ್ಯಾಂಕ್ ಲೆಕ್ಕ, ಎಲೆಕ್ಷನ್ ಲೆಕ್ಕ

ಸಂಜೆ ಏಳು ಗಂಟೆ. ಹುಬ್ಬಳ್ಳಿ ವಿದ್ಯಾನಗರದ ಒಂದು ಮನೆ. ಬ್ಯಾಂಕಿನಿಂದ ಬಂದ ವೈನಿ ಒಲೆಯ ಮೇಲೆ ಚಹಾಕ್ಕಿಟ್ಟು, ರೊಟ್ಟಿಗೆ ಹಿಟ್ಟು ಜರಡಿ ಹಿಡಿಯುತ್ತ ಹಗುರಕ್ಕೆ ಮಾತು ತೆಗೆಯುತ್ತಾರೆ.

‘ರೀ, ಮುಂದಿನ ಸಲ ಎಲೆಕ್ಷನ್‌ಗೆ ನಿಂದರಬೇಕಂತ ಮಾಡೇನ್ರಿ. ಎಮ್ಮೆಲ್ಲೆ ಎಲೆಕ್ಷನ್‌ಗೆ.’

ಪೇಪರ್ ಓದುತ್ತಿದ್ದ ಯಜಮಾನರ ಕನ್ನಡಕ ಮೂಗಿನ ತುದಿಗೆ ಜಾರುತ್ತದೆ. ಒಳಗಿನಿಂದ ಅತ್ತೆಯವರ ದನಿ: ‘ಛಲೋ ಬ್ಯಾಂಕಿನ ನೌಕರಿ ಬಿಟ್ಟು ಓಣಿ ಓಣಿ ಕೈಮುಗಕೋತ ತಿರಗೋದು ಯಾಕ ಬೇಕವಾ?’ ಪಿಯುಸಿ ಓದುವ ಮಗಳೊಬ್ಬಳೇ ಚಪ್ಪಾಳೆ ಹೊಡೆಯುತ್ತಾಳೆ.

ಈ ವೈನಿ ನಮ್ಮ ಕಲ್ಪನೆಯವರು. ಆದರೆ ಇಂಥವರು ನಮ್ಮ ಅವಳಿನಗರದಲ್ಲಿ ಇಲ್ಲದಿಲ್ಲ. 2005ರಿಂದ 2025ರವರೆಗೆ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನ ಪ್ರಧಾನ ಕಚೇರಿ ಇದ್ದದ್ದೇ ಧಾರವಾಡದಲ್ಲಿ. ಬ್ಯಾಂಕಿನ ಕೌಂಟರ್, ಆಡಿಟರ್ ಆಫೀಸು, ವಿಮೆ, ಪಿಗ್ಮಿ, ಸ್ವಸಹಾಯ ಸಂಘದ ಪುಸ್ತಕ ಎಂದು ದಿನಾ ದುಡ್ಡಿನ ಲೆಕ್ಕ ನೋಡುವ ಹೆಣ್ಣುಮಕ್ಕಳು ಇಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಊರಿನ ದುಡ್ಡಿನ ಲೆಕ್ಕವನ್ನೂ ನಾವೇ ಯಾಕೆ ನೋಡಬಾರದು ಎಂದು ಅವರಲ್ಲೊಬ್ಬರಿಗೆ ಅನಿಸಿದರೆ? ಅನಿಸಲಿ, ತಪ್ಪೇನಿಲ್ಲ. ಆದರೆ ಹೆಜ್ಜೆ ಇಡುವ ಮೊದಲು ಮನೆಯ ಲೆಕ್ಕ ಒಂದು ಸಲ ಸರಿಯಾಗಿ ಕೂಡಿಸಿ ಕಳೆಯಬೇಕು. ಅದು ಹೇಗೆ ಅನ್ನುವುದೇ ಈ ವಾರದ ಮಾತು.

ಮೊದಲು ಹೋದವರು

ಲೆಕ್ಕ ಬಲ್ಲವರು ಶಾಸನಸಭೆಗೆ ಹೋದದ್ದು ಹೊಸದಲ್ಲ. ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆಯವರಾದ ಕೆ. ರಹಮಾನ್ ಖಾನ್ ವೃತ್ತಿಯಿಂದ ಚಾರ್ಟರ್ಡ್ ಅಕೌಂಟೆಂಟ್. 1978ರಲ್ಲಿ ನಮ್ಮ ವಿಧಾನ ಪರಿಷತ್ತಿನ ಸದಸ್ಯರಾದರು, 1982ರಿಂದ 84ರವರೆಗೆ ಅದರ ಸಭಾಪತಿಯೂ ಆಗಿದ್ದರು. ಆಮೇಲೆ ರಾಜ್ಯಸಭೆಗೆ ಹೋದರು.

ಹೆಣ್ಣುಮಕ್ಕಳ ಪೈಕಿ ನೆನಪಾಗುವವರು ಮುಂಬೈಯ ಮೀರಾ ಸನ್ಯಾಲ್. ವಿದೇಶಿ ಬ್ಯಾಂಕೊಂದರ ಭಾರತದ ಮುಖ್ಯಸ್ಥೆಯಾಗಿದ್ದವರು. 2008ರ ನವೆಂಬರ್‌ನ ಮುಂಬೈ ದಾಳಿ ಅವರನ್ನು ಕಲಕಿತು. 2009ರಲ್ಲಿ ಕೆಲಸಕ್ಕೆ ರಜೆ ಹಾಕಿ ದಕ್ಷಿಣ ಮುಂಬೈಯಿಂದ ಲೋಕಸಭೆಗೆ ಪಕ್ಷೇತರರಾಗಿ ನಿಂತರು. ಸಿಕ್ಕಿದ್ದು ಸುಮಾರು ಹತ್ತು ಸಾವಿರ ಮತ. ಮುಂದೆ ಬ್ಯಾಂಕ್ ಬಿಟ್ಟು 2014ರಲ್ಲಿ ಆಮ್ ಆದ್ಮಿ ಪಕ್ಷದಿಂದ ಅಲ್ಲೇ ಮತ್ತೆ ನಿಂತಾಗ ಮತ ಸುಮಾರು ನಾಲ್ಕು ಪಟ್ಟಾಯಿತು, ಗೆಲುವು ಮಾತ್ರ ಬರಲಿಲ್ಲ. 2019ರ ಜನವರಿಯಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ನಮ್ಮ ರಾಜ್ಯದಲ್ಲೂ ಇನ್ಫೋಸಿಸ್‌ನ ಹಣಕಾಸು ಮುಖ್ಯಸ್ಥರಾಗಿದ್ದ ವಿ. ಬಾಲಕೃಷ್ಣನ್ 2014ರಲ್ಲಿ ಬೆಂಗಳೂರು ಕೇಂದ್ರದಿಂದ ನಿಂತು ಸೋತರು. ದೊಡ್ಡ ಹುದ್ದೆ, ಒಳ್ಳೆಯ ಹೆಸರು ಎರಡೂ ಇದ್ದು ಠೇವಣಿ ಉಳಿಯಲಿಲ್ಲ.

ಇನ್ನು ನಮ್ಮ ಕಡೆ ಬರೋಣ. ಧಾರವಾಡ ಕ್ಷೇತ್ರದಿಂದ 2008ರಲ್ಲಿ ಸೀಮಾ ಮಸೂತಿ ಗೆದ್ದರು. ಕುಂದಗೋಳದಲ್ಲಿ ಸಚಿವ ಸಿ.ಎಸ್. ಶಿವಳ್ಳಿ ತೀರಿಕೊಂಡ ಮೇಲೆ 2019ರ ಉಪಚುನಾವಣೆಯಲ್ಲಿ ಅವರ ಪತ್ನಿ ಕುಸುಮಾವತಿ ಶಿವಳ್ಳಿ ಗೆದ್ದರು, ಅದೂ ಬರೀ 1,601 ಮತದ ಅಂತರದಲ್ಲಿ. ಆದರೆ ಅವಳಿನಗರದ ಮೂರು ಕ್ಷೇತ್ರಗಳಾದ ಪೂರ್ವ, ಕೇಂದ್ರ ಮತ್ತು ಪಶ್ಚಿಮದಲ್ಲಿ 2008ರ ಮರುವಿಂಗಡಣೆಯ ನಂತರ ಒಬ್ಬ ಮಹಿಳೆಯೂ ಆರಿಸಿ ಬಂದಿಲ್ಲ. 2023ರ ಸಾರ್ವತ್ರಿಕ ಚುನಾವಣೆಯಲ್ಲಿ ಇಡೀ ರಾಜ್ಯದ 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು 10 ಮಂದಿ. ಅದೇ ವರ್ಷ ವಿಧಾನಸಭೆಗಳಲ್ಲೂ ಮೂರನೇ ಒಂದು ಭಾಗ ಮಹಿಳೆಯರಿಗೆ ಎನ್ನುವ ಸಂವಿಧಾನ ತಿದ್ದುಪಡಿ ಬಂತು. ಜನಗಣತಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಜಾರಿ ಎಂಬ ಷರತ್ತನ್ನೂ ಅದರಲ್ಲೇ ಬರೆದಿತ್ತು. ಅಂದರೆ ಬಾಗಿಲು ತೆರೆಯುವ ಕಾಲ ಬರುತ್ತದೆ. ಆಗ ಒಳಗೆ ಹೋಗಲು ತಯಾರಾಗಿರುವವರು ಯಾರು?

ನೌಕರಿಯ ಲೆಕ್ಕ

ನಮ್ಮ ವೈನಿ ಸರ್ಕಾರಿ ಬ್ಯಾಂಕಿನ ಅಧಿಕಾರಿ. ಆ ಬ್ಯಾಂಕುಗಳ ನಡತೆ ನಿಯಮಗಳು ಅಧಿಕಾರಿಗಳಿಗೆ ರಾಜಕೀಯದಲ್ಲಿ ಭಾಗವಹಿಸಲು ಬಿಡುವುದಿಲ್ಲ. ನಿಲ್ಲಬೇಕೆಂದರೆ ಕುರ್ಚಿ ಬಿಡಲೇಬೇಕು. ಬಿಡುವುದಕ್ಕೂ ಮೂರು ತಿಂಗಳ ನೋಟಿಸ್ ಕೊಡಬೇಕು. ಚುನಾವಣೆ ಘೋಷಣೆ ಆದ ಮೇಲೆ ಗಡಿಬಿಡಿಯಲ್ಲಿ ರಾಜೀನಾಮೆ ಬರೆದರೆ ನಾಮಪತ್ರದ ಕೊನೆಯ ದಿನ ದಾಟಿಹೋದೀತು.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ‘ರಾಜೀನಾಮೆ’ಗೂ ‘ಸ್ವಯಂ ನಿವೃತ್ತಿ’ಗೂ ಬಹಳ ಫರಕು. 1995ರ ಬ್ಯಾಂಕ್ ಪಿಂಚಣಿ ನಿಯಮದ ಪ್ರಕಾರ ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೆಲ್ಲ ಪಿಂಚಣಿ ಲೆಕ್ಕದಿಂದ ಅಳಿಸಿಹೋಗುತ್ತದೆ. 20 ವರ್ಷ ಸೇವೆ ಪೂರೈಸಿ, ಮೂರು ತಿಂಗಳ ನೋಟಿಸ್ ಕೊಟ್ಟು ಸ್ವಯಂ ನಿವೃತ್ತಿ ತೆಗೆದುಕೊಂಡರೆ ಪಿಂಚಣಿ ಉಳಿಯುತ್ತದೆ.

ನಮ್ಮ ವೈನಿಯ ಸೇವೆ ಈಗ 19 ವರ್ಷ 4 ತಿಂಗಳು ಎಂದುಕೊಳ್ಳಿ. ಟಿಕೆಟ್ ಸಿಗುತ್ತದೆಂಬ ಯಾರದೋ ಮಾತು ನಂಬಿ ಇವತ್ತೇ ರಾಜೀನಾಮೆ ಗೀಚಿದರೆ ಜೀವಮಾನದ ಪಿಂಚಣಿ ಹೋಯಿತು. ಎಂಟು ತಿಂಗಳು ತಾಳಿದರೆ ಅದು ಕೈಯಲ್ಲಿ. ಎಂಟೇ ತಿಂಗಳು! ಇಷ್ಟು ಸಣ್ಣ ಲೆಕ್ಕದಲ್ಲಿ ಒಂದು ಸಂಸಾರದ ಮುಪ್ಪಿನ ಆಸರೆ ನಿಂತಿರುತ್ತದೆ. 2010ರ ಏಪ್ರಿಲ್ 1 ಮತ್ತು ಆಮೇಲೆ ಸೇರಿದವರಿಗೆ ಹೊಸ ಪಿಂಚಣಿ ಯೋಜನೆ ಇರುವುದರಿಂದ ಅವರ ಲೆಕ್ಕ ಬೇರೆ. ಏನೇ ಇರಲಿ, ಬ್ಯಾಂಕಿನಿಂದ ಲಿಖಿತ ಉತ್ತರ ಪಡೆಯದೆ ಕಾಗದ ಕೊಡಬೇಡಿ. ಹೌಸಿಂಗ್ ಲೋನ್ ಸಿಬ್ಬಂದಿ ಬಡ್ಡಿಯಲ್ಲಿದ್ದರೆ ಕೆಲಸ ಬಿಟ್ಟ ಮೇಲೆ ಕಂತು ಎಷ್ಟಾಗುತ್ತದೆ ಎಂದೂ ಕೇಳಿಕೊಳ್ಳಿ.

ಸ್ವಂತ ಪ್ರಾಕ್ಟೀಸ್ ಇರುವ ಚಾರ್ಟರ್ಡ್ ಅಕೌಂಟೆಂಟರಿಗೆ ಈ ತೊಡಕಿಲ್ಲ. ಶಾಸಕ, ಸಂಸದ ಸ್ಥಾನ ಹೊಂದಲು ಅವರ ಸಂಸ್ಥೆಯ ನಿಯಮದಲ್ಲೇ ಸಾಮಾನ್ಯ ಅನುಮತಿ ಇದೆ. ಖಾಸಗಿ ಬ್ಯಾಂಕಿನವರು ತಮ್ಮ ನೇಮಕಾತಿ ಪತ್ರದ ಷರತ್ತು ನೋಡಿಕೊಳ್ಳಬೇಕು.

ತಿಜೋರಿ ತೆರೆಯುವ ದಿನ

ನಾಮಪತ್ರದ ಜೊತೆ ‘ನಮೂನೆ 26’ ಎಂಬ ಅಫಿಡವಿಟ್ ಕೊಡಬೇಕು. ಅದರಲ್ಲಿ ನಿಮ್ಮದಷ್ಟೇ ಅಲ್ಲ, ಯಜಮಾನರ, ನಿಮ್ಮನ್ನು ಅವಲಂಬಿಸಿದವರ ಆಸ್ತಿ, ಸಾಲ ಎಲ್ಲ ಬರೆಯಬೇಕು. ಐದು ವರ್ಷದ ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಿದ ವರಮಾನ, ಬ್ಯಾಂಕಿನ ಬಾಕಿ, ಶೇರು, ಹೊಲ, ಪ್ಲಾಟು, ಕಾರು, ಮೇಲೆ ಪೊಲೀಸ್ ಕೇಸೇನಾದರೂ ಇದ್ದರೆ ಅದೂ. ತವರಿನವರು ಹಾಕಿದ ಬೋರಮಾಳ, ಪಾಟ್ಲಿ, ಬಿಲ್ವಾರದ ತೂಕ ಮತ್ತು ಬೆಲೆ ಕೂಡ. ಈ ಕಾಗದ ಚುನಾವಣಾಧಿಕಾರಿಯ ನೋಟಿಸ್ ಬೋರ್ಡಿಗೆ ಬೀಳುತ್ತದೆ, ಆಯೋಗದ ತಾಣದಲ್ಲಿ ಯಾರು ಬೇಕಾದರೂ ಓದಬಹುದು. ಮರುದಿನ ಪೇಪರಿನಲ್ಲೂ ಬಂದೀತು.

ಇಲ್ಲೇ ಎಷ್ಟೋ ಮನೆಗಳಲ್ಲಿ ಜಗಳ ಹತ್ತುವುದು. ‘ಅಣ್ಣಗ ಗೊತ್ತಾಗಲಾರದಂಗ ತಗೊಂಡಿದ್ದ ಪ್ಲಾಟು’, ‘ಅತ್ತಿಗಿ ಹೇಳದ ಇಟ್ಟ ಗೋಲ್ಡ್ ಲೋನು’ ಎಲ್ಲ ಹೊರಬೀಳುವ ದಿನ ಅದು. ಯಾವ ಕಾಲಮ್ಮನ್ನೂ ಖಾಲಿ ಬಿಡುವಂತಿಲ್ಲ. ಖಾಲಿ ಬಿಟ್ಟು, ನೆನಪಿಸಿದರೂ ತುಂಬದಿದ್ದರೆ ನಾಮಪತ್ರ ತಿರಸ್ಕಾರ ಮಾಡಬಹುದೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸುಳ್ಳು ಬರೆದರೆ ಆರು ತಿಂಗಳವರೆಗೆ ಜೈಲು ಆಗಬಹುದು. ಆದ್ದರಿಂದ ಪಕ್ಷದ ಕಚೇರಿಗೆ ಹೋಗುವ ಮೊದಲು ಒಂದು ಭಾನುವಾರ ಗಂಡ ಹೆಂಡತಿ ಕೂತು ಎಲ್ಲ ಪಾಸ್‌ಬುಕ್ಕು, ಬಾಂಡು, ಉತಾರ ಹರವಿಕೊಳ್ಳಿ. ಯಜಮಾನರು ‘ನನ್ನ ವ್ಯವಹಾರ ಊರ ಮುಂದ ಯಾಕ ಇಡ್ಲಿ?’ ಎಂದರೆ ಅದೂ ಒಂದು ನ್ಯಾಯವಾದ ಪ್ರಶ್ನೆಯೇ. ಒಪ್ಪಿಗೆ ಆ ಭಾನುವಾರವೇ ಸಿಗಬೇಕು, ಪೋಸ್ಟರ್ ಅಚ್ಚಾದ ಮೇಲಲ್ಲ.

ಬಿಳಿ, ಗುಲಾಬಿ, ಹಳದಿ

ಖರ್ಚಿನ ವಿಷಯಕ್ಕೆ ಬಂದರೆ ನಮ್ಮ ವೈನಿಗೆ ಇದು ತವರುಮನೆ ಇದ್ದಂತೆ. ವಿಧಾನಸಭೆಯ ಅಭ್ಯರ್ಥಿಗೆ ಕರ್ನಾಟಕದಲ್ಲಿ ಖರ್ಚಿನ ಮಿತಿ 40 ಲಕ್ಷ ರೂಪಾಯಿ. 2022ರ ಜನವರಿಯಲ್ಲಿ ಗೊತ್ತುಮಾಡಿದ್ದು ಇದು. ನಾಮಪತ್ರ ಹಾಕುವ ಕನಿಷ್ಠ ಒಂದು ದಿನ ಮೊದಲು ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ಗಂಡನ ಜೊತೆಗಿನ ಹಳೆಯ ಜಾಯಿಂಟ್ ಅಕೌಂಟ್ ನಡೆಯುವುದಿಲ್ಲ. ಅವರೇ ನಿಮ್ಮ ಚುನಾವಣಾ ಏಜೆಂಟ್ ಆಗಿದ್ದರೆ ಮಾತ್ರ ಹೊಸ ಖಾತೆಯನ್ನು ಜಂಟಿಯಾಗಿ ತೆರೆಯಬಹುದು.

ಲೆಕ್ಕದ ಪುಸ್ತಕದಲ್ಲಿ ಮೂರು ಬಣ್ಣದ ಹಾಳೆ: ದಿನದ ಖರ್ಚಿಗೆ ಬಿಳಿ, ನಗದಿಗೆ ಗುಲಾಬಿ, ಬ್ಯಾಂಕಿನದಕ್ಕೆ ಹಳದಿ. ಮಂಟಪ, ಮೈಕು, ಟಂಟಂ ಬಾಡಿಗೆ, ಕಾರ್ಯಕರ್ತರ ಚಹಾ, ಅವಲಕ್ಕಿ, ಚುರುಮುರಿ ಮಿರ್ಚಿ ಎಲ್ಲವೂ ಬರೆಯಬೇಕು. ಒಬ್ಬ ವ್ಯಕ್ತಿಗೆ ಅಥವಾ ಒಂದು ಅಂಗಡಿಗೆ ಇಡೀ ಚುನಾವಣೆಯಲ್ಲಿ ನಗದು ಕೊಡುವುದು 10 ಸಾವಿರ ದಾಟಬಾರದು. ಮೇಲಿನದ್ದು ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಲ್ಲೇ ಆಗಬೇಕು. ಪ್ರಚಾರದ ಹೊತ್ತಿನಲ್ಲಿ ಮೂರು ಸಲವಾದರೂ ಪುಸ್ತಕ ತಪಾಸಣೆಗೆ ಕೊಡಬೇಕು. ಅಧಿಕಾರಿಗಳು ತಮ್ಮದೇ ಇನ್ನೊಂದು ಪುಸ್ತಕ ಇಟ್ಟಿರುತ್ತಾರೆ. ನೀವು ನೂರು ಕುರ್ಚಿ ಬರೆದು, ಅವರ ವಿಡಿಯೋದಲ್ಲಿ ಮುನ್ನೂರು ಕಂಡರೆ ಉತ್ತರ ಕೊಡಬೇಕಾಗುತ್ತದೆ.

ಫಲಿತಾಂಶ ಬಂದು 30 ದಿನದೊಳಗೆ ಪೂರ್ತಿ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಒಪ್ಪಿಸಬೇಕು. ಸೋತವರೂ ಕೊಡಬೇಕು! ಸರಿಯಾದ ಕಾರಣವಿಲ್ಲದೆ ಕೊಡದಿದ್ದರೆ ಮೂರು ವರ್ಷ ಚುನಾವಣೆಗೆ ನಿಲ್ಲದಂತೆ ಆಯೋಗ ಅನರ್ಹಗೊಳಿಸಬಹುದು. ಹಾಲಿನವನ ಲೆಕ್ಕವನ್ನು ಕ್ಯಾಲೆಂಡರ್ ಮೇಲೆ ತಪ್ಪದೆ ಬರೆದಿಡುವ ನಮಗೆ ಇದೇನು ಕಠಿಣ?

ಸೋತರೆ, ಗೆದ್ದರೆ

ಠೇವಣಿ 10 ಸಾವಿರ ರೂಪಾಯಿ; ಪರಿಶಿಷ್ಟ ಜಾತಿ, ಪಂಗಡದವರಿಗೆ 5 ಸಾವಿರ. ಚಲಾವಣೆಯಾದ ಕ್ರಮಬದ್ಧ ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬೀಳದಿದ್ದರೆ ಠೇವಣಿ ಹೋಗುತ್ತದೆ. 1,20,000 ಮತ ಬಿದ್ದಿದ್ದರೆ 20 ಸಾವಿರ ದಾಟಲೇಬೇಕು. ಆದರೆ ಸೋಲಿನ ನಿಜವಾದ ಬೆಲೆ ಈ ಹತ್ತು ಸಾವಿರವಲ್ಲ. ಖರ್ಚಾದ ಉಳಿತಾಯ, ಬಿಟ್ಟುಬಂದ ಸಂಬಳ, ಕೆಲವು ದಿನ ಕೇಳಬೇಕಾದ ಚುಚ್ಚುಮಾತು, ಇದನ್ನೆಲ್ಲ ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ‘ಸೋತರೆ ಎಷ್ಟು ಹೋದರೂ ಮನೆ ನಡೆಯುತ್ತದೆ?’ ಎಂಬ ಪ್ರಶ್ನೆಗೆ ಒಂದು ಅಂಕಿ ಬರೆದಿಟ್ಟುಕೊಳ್ಳಿ. ಮಗಳ ಕಾಲೇಜು ಫೀಜು, ಅತ್ತೆಯವರ ಔಷಧ, ಒಂದು ವರ್ಷದ ಮನೆಖರ್ಚು ಆ ಗೆರೆಯ ಆಚೆ ಇರಲಿ. ಅದಕ್ಕೆ ಕೈ ಹಾಕುವುದಿಲ್ಲ ಎಂದು ಮನೆಮಂದಿಯ ಮುಂದೆ ಮಾತು ಕೊಡಿ.

ಗೆದ್ದರೆ? ಶಾಸಕರೆಂದರೆ ಗುದ್ದಲಿ ಪೂಜೆ, ಮದುವೆ ಮನೆ ಎಂದಷ್ಟೇ ನಾವು ನೋಡಿದ್ದೇವೆ. ಆದರೆ ಬಜೆಟ್ಟಿಗೆ ಕೈ ಎತ್ತುವವರು ಅವರೇ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿಗೂ ನಮ್ಮ ಊರಿನ ನೀರು, ಚರಂಡಿ, ರಸ್ತೆಯ ದುಡ್ಡಿಗೂ ಒಪ್ಪಿಗೆ ಸಿಗುವುದು ಆ ಸದನದಲ್ಲೇ. ಖರ್ಚಾದ ಹಣ ಸರಿಯಾಗಿ ಖರ್ಚಾಯಿತೇ ಎಂದು ಮಹಾಲೇಖಪಾಲರ ವರದಿ ಹಿಡಿದು ಕೇಳುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ ಶಾಸಕರದ್ದೇ. ಆ ದಪ್ಪ ಪುಸ್ತಕ ತೆರೆದರೆ ನಿದ್ದೆ ಬರದ ಒಬ್ಬ ಹೆಣ್ಣುಮಗಳು ಅಲ್ಲಿ ಕೂತರೆ ಊರಿಗೆ ಲಾಭವೇ.

ನಿರ್ಧಾರಕ್ಕೆ ಮೊದಲು ಇಷ್ಟು ನೋಡಿ

• ವಯಸ್ಸು 25 ತುಂಬಿರಬೇಕು. ರಾಜ್ಯದ ಯಾವುದಾದರೂ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು.

• ಹುಬ್ಬಳ್ಳಿ-ಧಾರವಾಡ ಪೂರ್ವ ಪರಿಶಿಷ್ಟ ಜಾತಿಗೆ ಮೀಸಲು ಕ್ಷೇತ್ರ. ಕೇಂದ್ರ ಮತ್ತು ಪಶ್ಚಿಮ ಸಾಮಾನ್ಯ.

• ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕರು ಸಾಕು. ಪಕ್ಷೇತರರಿಗೆ ಅದೇ ಕ್ಷೇತ್ರದ ಹತ್ತು ಮತದಾರರು ಬೇಕು.

• ಟಿಕೆಟ್ ಕೊಡಿಸುತ್ತೇನೆಂದು ಮುಂಗಡ ಕೇಳುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ.

• ಐದು ವರ್ಷದ ರಿಟರ್ನ್ ಇವತ್ತೇ ತೆಗೆದು ನೋಡಿ. ಬಾಕಿ ಇದ್ದರೆ ಸರಿಪಡಿಸಿಕೊಳ್ಳಿ.

• ಮೊದಲು ವಾರ್ಡಿನಲ್ಲಿ ಕೆಲಸ ಮಾಡಿ. 2021ರ ಚುನಾವಣೆಯಲ್ಲಿ ಅವಳಿನಗರ ಪಾಲಿಕೆಯಲ್ಲಿ 82 ವಾರ್ಡುಗಳಿದ್ದವು, ಅರ್ಧದಷ್ಟು ಮಹಿಳೆಯರಿಗೆ ಮೀಸಲಾಗಿದ್ದವು. ಎರಡು ವರ್ಷ ಓಣಿಯ ನಳ, ಗಟಾರದ ಬೆನ್ನು ಹತ್ತಿದವರ ಮುಖ ಜನಕ್ಕೆ ನೆನಪಿರುತ್ತದೆ. ದೊಡ್ಡ ಹುದ್ದೆಯಿಂದ ನೇರ ಬಂದವರು ಸೋತದ್ದನ್ನು ಮೇಲೆ ನೋಡಿದಿರಲ್ಲ.

ಮತ್ತೆ ವಿದ್ಯಾನಗರದ ಮನೆಗೆ ಬರೋಣ. ಊಟವಾದ ಮೇಲೆ ವೈನಿ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎಡಕ್ಕೆ ಜಮಾ, ಬಲಕ್ಕೆ ಖರ್ಚು ಬರೆಯುತ್ತಾರೆ. ಯಜಮಾನರು ತಮ್ಮ ಪಾಸ್‌ಬುಕ್ ತಂದು ಪಕ್ಕದಲ್ಲಿಡುತ್ತಾರೆ. ‘ಎಂಟು ತಿಂಗಳು ತಡೀ, ಪಿಂಚಣಿ ಕುಂದ್ರಲಿ. ಅಷ್ಟರಾಗ ಓಣ್ಯಾಗ ನಾಕು ಮಂದಿ ಕೆಲಸಾ ಮಾಡು,’ ಎನ್ನುತ್ತಾರೆ. ಅಡಿಕೆ ಕತ್ತರಿಸುತ್ತ ಕೂತ ಅತ್ತೆಯವರು ಒಂದು ಕ್ಷಣ ಸುಮ್ಮನಿದ್ದು, ‘ಮೊದಲ ನಮ್ಮ ಓಣಿ ನಳದ್ದು ನೋಡವಾ. ಅದು ಆತಂದ್ರ ನನ್ನ ಓಟು ನಿನಗ,’ ಎನ್ನುತ್ತಾರೆ.

ಪ್ರಚಾರ ಶುರುವಾಗುವುದು ಹೀಗೇ. ಮೊದಲ ಓಟು ಮನೆಯೊಳಗಿಂದ ಬರಬೇಕು, ಅದೂ ಲೆಕ್ಕ ಒಪ್ಪಿಸಿದ ಮೇಲೆ.